ಆಕಾಶ ಉಳಿಸಲು ಅಂಗಡಿಯ ಬಾಗಿಲು ಮುಚ್ಚಿದ್ದು

ಎಂಬತ್ತರ ದಶಕದ ಕೊನೆಯಲ್ಲಿ ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ತಂಪು ಪಾನೀಯದ ಅಂಗಡಿ ಇತ್ತು. ಮಂಗಳೂರಿನ ದೊಡ್ಡ ಅಂಗಡಿಯೊಂದು ಮಾರಿದ ಹಳೆಯ ಐಸ್‌ಕ್ರೀಮ್ ಪೆಟ್ಟಿಗೆಯೇ ಅದರ ಹೆಮ್ಮೆ. ಮಲಗಿದ ಎಮ್ಮೆಯಷ್ಟು ದೊಡ್ಡದು. ಉಸಿರಾಟದ ಸದ್ದೂ ಹಾಗೆಯೇ.

ಆಗ ಒಂದು ವಾರಪತ್ರಿಕೆಯಲ್ಲಿ ಓದಿದೆ. ಇಂಥ ಪೆಟ್ಟಿಗೆಗಳ ಕೊಳವೆಯೊಳಗೆ ಹರಿದು ತಂಪು ಮಾಡುವ ಗ್ಯಾಸ್ ಸೋರಿ ಹೊರಬಿದ್ದರೆ ಮೇಲಕ್ಕೇರಿ, ನಮ್ಮನ್ನು ಬಿಸಿಲಿನಿಂದ ಕಾಯುವ ಆಕಾಶದ ಪದರವನ್ನು ಹಾಳು ಮಾಡುತ್ತದಂತೆ; ಭೂಮಿಯ ಶಾಖವನ್ನು ಹೊರಹೋಗಲು ಬಿಡದೆ ಲೋಕವನ್ನೇ ಕಾಯಿಸುತ್ತದಂತೆ. ಪೆಟ್ಟಿಗೆಯೊಳಗೆ ತಂಪು, ಜಗತ್ತಿಗೆಲ್ಲ ಬಿಸಿ! ಅಂದಿನಿಂದ ಸೋಡಾ ಕುಡಿಯಲು ಬಂದವರಿಗೆಲ್ಲ ನನ್ನ ಉಪನ್ಯಾಸ ಉಚಿತ. ಉಪ್ಪಿನಂಗಡಿಗೆ ಹೋಗಬೇಕಾದವರು ಬೇರೆ ದಿಕ್ಕಿನ ಸುಳ್ಯದ ಬಸ್ಸು ಹತ್ತಿ ನನ್ನಿಂದ ತಪ್ಪಿಸಿಕೊಂಡದ್ದೂ ಉಂಟು. ನನ್ನ ಅಂಗಡಿಯಿಂದ ಮಾತ್ರ ಒಂದು ಗುಟುಕು ಗ್ಯಾಸೂ ಆಚೆ ಹೋಗದೆಂದು ಊರಿಗೆಲ್ಲ ಭರವಸೆ ಕೊಟ್ಟಿದ್ದೆ.

ದುಬೈಯಿಂದ ಬಂದಿದ್ದ ಗೆಳೆಯ ಹಮೀದ್, ಕುಂಬ್ರದ ಮನೆಯಲ್ಲಿ ಮಗಳ ನಿಶ್ಚಿತಾರ್ಥ ಇಟ್ಟುಕೊಂಡಿದ್ದ. ಅದಕ್ಕೆ ತರಿಸಿದ ಐಸ್‌ಕ್ರೀಮ್ ಡಬ್ಬಗಳು ನನ್ನ ಪೆಟ್ಟಿಗೆಯಲ್ಲಿದ್ದವು. ನಿಶ್ಚಿತಾರ್ಥದ ದಿನ ಮಧ್ಯಾಹ್ನ ಮುಚ್ಚಳ ತೆಗೆದರೆ, ಗೋಡೆಗೆಲ್ಲ ದಪ್ಪಗೆ ಮಂಜು ಕಟ್ಟಿ ಡಬ್ಬಗಳು ಅದರಲ್ಲೇ ಹೂತುಹೋಗಿದ್ದವು. ಸ್ವಲ್ಪ ಹೊತ್ತು ಸ್ವಿಚ್ ಆಫ್ ಮಾಡಿ ಬಿಡಿ, ಮಂಜು ತನ್ನಷ್ಟಕ್ಕೇ ಕರಗುತ್ತದೆ ಎಂದು ನನ್ನ ಹೆಂಡತಿ ಸುಮತಿ ಹೇಳಿದಳು. ಯಂತ್ರದ ವಿಷಯ ನನಗೆ ಬಿಡು ಎಂದು ಗಂಭೀರವಾಗಿ ಹೇಳಿ ಅವಳನ್ನು ಊಟಕ್ಕೆ ಕಳಿಸಿದೆ. ತೆಂಗಿನಕಾಯಿ ಒಡೆಯುವ ಕತ್ತಿ ತಂದೆ. ಅದರ ತುದಿಯಿಂದ ಎರಡು ಏಟು ಚೆನ್ನಾಗಿಯೇ ಬಿತ್ತು. ಮೂರನೆಯದು ಕೊಳವೆಗೆ ಬಿತ್ತು.

‘ಪಿಸ್‌ಸ್‌ಸ್...’

ತೂತಿಗೆ ಬೆರಳಿಟ್ಟೆ. ಬೆರಳು ಮರಗಟ್ಟಿತು. ಸಾಬೂನು ಮೆತ್ತಿದೆ. ಗುಳ್ಳೆ ಬಂತು. ಆಕಾಶದ ಪದರ ಕಣ್ಣೆದುರು ಹರಿದಂತಾಯಿತು. ಕೊನೆಗೆ ಗ್ಯಾಸ್ ಮೇಲೇರದಂತೆ ಅಂಗಡಿಯ ಬಾಗಿಲು, ಕಿಟಕಿ ಎಲ್ಲ ಭದ್ರಪಡಿಸಿ ಒಳಗೆ ಕುಳಿತೆ!

ಊಟ ಮುಗಿಸಿ ಬಂದ ಸುಮತಿ ಬಾಗಿಲು ಬಡಿದಳು. "ಒಳಗೆ ನೀವು ಎಂತ ಮಾಡುದು?"

"ಗ್ಯಾಸ್ ಹೊರಗೆ ಹೋಗದ ಹಾಗೆ ನೋಡ್ತಾ ಇದ್ದೇನೆ."

ಅವಳು ಹೊರಗಿನಿಂದಲೇ ಹೇಳಿದಳು: "ಒಮ್ಮೆ ಮೇಲೆ ನೋಡಿ ಮಾರಾಯ್ರೆ."

ನೋಡಿದೆ. ಹಂಚಿನ ಸಂದುಗಳಲ್ಲಿ ನೀಲಿ ಆಕಾಶ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಎದ್ದು ಬಾಗಿಲು ತೆಗೆದೆ.

ಹಮೀದ್ ಜೀಪು ತರುವಷ್ಟರಲ್ಲಿ ಡಬ್ಬಗಳಲ್ಲಿ ಗುಲಾಬಿ ಬಣ್ಣದ ಸಾರು ತುಂಬಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಬೀಗರೆದುರು ಅವನ ಮರ್ಯಾದೆ ನನ್ನಿಂದಲೇ ಹೋಗುತ್ತದಲ್ಲ ಎಂದುಕೊಂಡೆ. ಅವನು ಡಬ್ಬದೊಳಗೆ ಇಣುಕಿ, ಒಂದು ಚಮಚ ರುಚಿ ನೋಡಿದ.

"ಬೆರಳಿಟ್ಟದ್ದು ಸಾಕು. ಈಗ ಜೀಪು ಹತ್ತು, ಅಲ್ಲಿ ಸೌಟು ಹಿಡಿಲಿಕ್ಕೆ ಜನ ಬೇಕು."

ಕುಂಬ್ರದಲ್ಲಿ ಆ ಕರಗಿದ ಐಸ್‌ಕ್ರೀಮಿಗೆ ಬೇಯಿಸಿದ ಶಾವಿಗೆ, ಹುರಿದ ಗೋಡಂಬಿ ಬೆರೆಸಿ ಲೋಟದಲ್ಲಿ ಕೊಟ್ಟೆವು. ದುಬೈಯಲ್ಲಿ ಹೀಗೆಯೇ ಕುಡಿಯುವುದೆಂದು ಹಮೀದ್ ಮುಖ ಸಡಿಲಿಸದೆ ಹೇಳಿದ. ಹುಡುಗನ ಅಜ್ಜ ಎರಡನೆಯ ಲೋಟ ಕೇಳಿದಾಗಲೇ ನನ್ನ ಉಸಿರು ಮರಳಿತು.

ಮಂಗಳೂರಿನಿಂದ ಮೆಕ್ಯಾನಿಕ್ ಬಂದು ಕೊಳವೆಗೆ ಬೆಸುಗೆ ಹಾಕಿ, ಹೊಸ ಗ್ಯಾಸ್ ತುಂಬಿಸಿ ಹೋದ. ಪೆಟ್ಟಿಗೆ ಗುಣವಾಯಿತು, ಊರಿಗೆಲ್ಲ ಸುದ್ದಿ ಹಬ್ಬಿ ಕೆಟ್ಟ ನನ್ನ ಹೆಸರು ಆಗಲಿಲ್ಲ. ಆ ವರ್ಷದ ಏಪ್ರಿಲ್‌ನ ಸೆಕೆ ಪುತ್ತೂರಿಗೆ ಅಸಹನೀಯವಾಗಿತ್ತು. ಬೆವರು ಒರೆಸುತ್ತ ಅಂಗಡಿಗೆ ಬಂದವರೆಲ್ಲ ಒಮ್ಮೆ ಆಕಾಶ ನೋಡುವುದು, ಆಮೇಲೆ ನನ್ನನ್ನು ನೋಡುವುದು.

"ಎಂತ ಸೆಕೆ ಮಾರಾಯ್ರೆ. ಎಲ್ಲ ನಿಮ್ಮ ಗ್ಯಾಸಿನದ್ದೇ ಅಲ್ವಾ?"

ಅಲ್ಲವೆಂದು ವಾದಿಸಲು ನಾನೇ ಕೊಟ್ಟ ಉಪನ್ಯಾಸಗಳು ಬಿಡಲಿಲ್ಲ. ಮಳೆಗಾಲ ಶುರುವಾಗುವವರೆಗೂ ಬಂದವರಿಗೆಲ್ಲ ಪುಕ್ಕಟೆ ಮಜ್ಜಿಗೆ ಕೊಟ್ಟೆ.