ತಂತಿ ಕಟ್ಟಿದ ಗೇಟು

ಜಂಬಯ್ಯನವರು ಪಕ್ಕದ ಮನೆಯ ಹಯಾತ್ ಸಾಬರ ಜೊತೆ ಮಾತು ಬಿಟ್ಟದ್ದಕ್ಕೆ ಕಾರಣ ಒಂದು ನಗು. ದಾವಣಗೆರೆಯ ವಿನೋಬನಗರದ ಜಂಬಯ್ಯನವರ ಮನೆಯ ಮಹಡಿ ಮೆಟ್ಟಿಲಿನ ಕಂಬಿ ಕಿತ್ತುಬಂದಿತ್ತು. ಮಗಳು ಶಾಂತಲಾ, ಆಗತಾನೆ ನಡೆಯಲು ಕಲಿತ ಕೂಸನ್ನು ಕರೆದುಕೊಂಡು ಮುಂದಿನ ವಾರ ಬರುವವಳಿದ್ದಳು. "ರಿಟೈರಾಗಿ ಸುಮ್ನೆ ಕೂತೀನಿ. ವೆಲ್ಡಿಂಗ್ ಕಲ್ತು ನಾನೇ ಬೆಸಿತೀನಿ" ಎಂದು ಜಂಬಯ್ಯ ಬೀದಿಗೆಲ್ಲ ಸಾರಿದರು. ವೆಲ್ಡಿಂಗ್‌ನಲ್ಲೇ ತಲೆ ನರೆಸಿಕೊಂಡ ಹಯಾತ್ ಸಾಬರು ನಕ್ಕುಬಿಟ್ಟರು.

"ಆಫೀಸ್ನಾಗ ಸೀಲ್ ಒತ್ತಿದಂಗಲ್ರಿ ಜಂಬಯ್ನೋರೆ, ಇದು ಬೆಂಕಿ!"

ಜಂಬಯ್ಯನವರ ಮಾನ ಹೋಯಿತು. ಮೊಮ್ಮಗಳು ತಾವು ಬೆಸೆದ ಕಂಬಿಯನ್ನೇ ಹಿಡಿದು ಹತ್ತದಿದ್ದರೆ ತಮ್ಮ ಮೀಸೆಗೆ ಅರ್ಥವೇ ಇಲ್ಲವೆಂದು ನಿರ್ಧರಿಸಿದರು.

ಮರುದಿನ ಬೆಳಿಗ್ಗೆ ಹೆಂಡತಿ ಹೊನ್ನಕ್ಕ ಅಂದರು, "ಊರೆಲ್ಲ ಯಾಕ ಸುತ್ತೀರಿ? ಸಾಬರೇ ಹೊಸಬರಿಗೆ ಹೇಳಿಕೊಡ್ತಾರಂತೆ."

"ಆ ಮನುಷ್ಯನ ಗೇಟು ನೋಡೀಯೇನು? ತಂತಿ ಕಟ್ಟಿ ನಿಲ್ಸ್ಯಾನೆ! ಅವನು ನನಗೇನು ಕಲಿಸ್ತಾನೆ?"

ಎದುರು ಮನೆಯ ಕೊಟ್ರವ್ವ ಕಸಬರಿಗೆ ಹಿಡಿದುಕೊಂಡೇ ಬಂದರು. "ಖರೇ ಐತೆ ಅಣ್ಣಾರೆ. ಸೀರೆ ತಗಳ್ಳೋವಾಗ ಜಗ್ಗಿ ನೋಡ್ತೀವಲ್ಲ, ಹಂಗೇ ಕ್ಲಾಸ್ ಸೇರೋ ಮುಂಚೆ ಕಲಿಸೋರ ಗೇಟು ಜಗ್ಗಿ ನೋಡ್ರಿ."

ಜಂಬಯ್ಯನವರಿಗೆ ಈ ಮಾತು ಬಹಳ ಹಿಡಿಸಿತು. ಎಂ.ಸಿ.ಸಿ. ಬಡಾವಣೆಯಲ್ಲಿ ವೆಲ್ಡಿಂಗ್ ತರಗತಿಯ ಬೋರ್ಡು ಕಂಡದ್ದೇ ತಡ, ಕೆಳಗಿನ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿದರು. ಮೇಲಿನ ಕೀಲು ಕಳಚಿ ಗೇಟು ಅವರ ಕಾಲ ಮೇಲೇ ಕೂತಿತು.

"ನಾಪಾಸು!" ಎಂದು ಕುಂಟುತ್ತಲೇ ಕೂಗಿದರು.

"ರೀ ಯಜಮಾನ್ರೆ, ಅದು ಹಲ್ಲಿನ ಡಾಕ್ಟ್ರ ಗೇಟು! ಕ್ಲಾಸು ಮಹಡಿ ಮ್ಯಾಲೈತೆ!" ಎಂದು ಕಾವಲುಗಾರ ಓಡಿಬಂದ.

ಮಹಡಿಯ ಮೇಲೆ ಎ.ಸಿ. ಇತ್ತು, ಬೆಂಕಿ ಇರಲಿಲ್ಲ. "ಮೊದಲು ಮೂರು ತಿಂಗಳು ಕಂಪ್ಯೂಟರ್‌ನಲ್ಲೇ ವೆಲ್ಡಿಂಗ್ ಸರ್. ಒಂದು ಕಿಡಿನೂ ಹಾರಲ್ಲ" ಎಂದಳು ಅಲ್ಲಿನ ಹುಡುಗಿ.

"ನನ್ನ ಮೊಮ್ಮಗಳು ಕಂಪ್ಯೂಟರ್ ಕಂಬಿ ಹಿಡಕೊಂಡು ಮೆಟ್ಲು ಹತ್ತತಾಳೇನಮ್ಮ?" ಎಂದು ಜಂಬಯ್ಯ ಹೊರಬಿದ್ದು, ಹರಿಹರದ ಬಸ್ಸು ಹತ್ತಿದರು.

ಹರಿಹರದಲ್ಲಿ ವೆಲ್ಡಿಂಗ್ ಕಲಿಸುತ್ತಿದ್ದ ಅಲ್ಲಾಬಕ್ಷ್ ಎಂಬವರ ವರ್ಕ್‌ಶಾಪಿನ ಗೇಟಿನ ಮೇಲೆ ಎರಡು ನವಿಲುಗಳು ಗರಿ ಬಿಚ್ಚಿ ನಿಂತಿದ್ದವು. ಬೆಸುಗೆ ಎಲ್ಲಿದೆಯೆಂದು ಹುಡುಕಬೇಕಿತ್ತು. ಜಂಬಯ್ಯ ಜಗ್ಗಿದರು. ಗೇಟು ಅಲ್ಲಾಡಲಿಲ್ಲ, ಜಂಬಯ್ಯ ಅಲ್ಲಾಡಿದರು. ಅವರಿಗೆ ಕಣ್ಣು ತುಂಬಿಬಂತು. ಒಳಗೆ ಹೋದವರೇ ಪೂರ್ತಿ ಫೀಸು ಕಟ್ಟಿ, ಆಮೇಲೆ ಕೇಳಿದರು.

"ಈ ಗೇಟು ಮಾಡಿದೋರೇ ಕಲಿಸ್ತಾರೇನ್ರಿ?"

"ಅವರೇರಿ! ಹೊಸಬರೆಲ್ಲ ನಮ್ಮ ಉಸ್ತಾದರ ಹತ್ರಾನೇ. ಆದ್ರ ಅವರಿಗೀಗ ಬಸ್ ಹತ್ತಿ ಬರೋಕಾಗಲ್ಲ, ಮನೇಲೇ ಕಲಿಸ್ತಾರೆ" ಎಂದರು ಅಲ್ಲಾಬಕ್ಷ್. "ನೀವೂ ದಾವಣಗೆರೆಯೋರೇ, ಸಲೀಸಾತು ಬಿಡ್ರಿ. ವಿನೋಬನಗರದಾಗ ಹಯಾತ್ ಸಾಬ್ ಅಂತ ಕೇಳ್ರಿ. ಗೇಟಿಗೆ ತಂತಿ ಕಟ್ಟಿರ್ತೈತೆ, ಅದೇ ಗುರುತು."

ಕೊಟ್ಟ ಫೀಸು ವಾಪಸು ಕೇಳದೆಯೇ ಜಂಬಯ್ಯ ದಾವಣಗೆರೆಯ ಬಸ್ಸು ಹತ್ತಿದರು.

ಸಂಜೆ ಕುಂಟುತ್ತ ಬೀದಿಗೆ ಬಂದಾಗ ಹಯಾತ್ ಸಾಬರು ತಮ್ಮ ಗೇಟಿನ ತಂತಿ ಬಿಚ್ಚುತ್ತಿದ್ದರು. ಹರಿಹರದಿಂದ ಫೋನು ಆಗಲೇ ಬಂದಿತ್ತು.

"ಬರ್ರಿ ಬರ್ರಿ. ಗೋಡೆ ಆಚೆಯಿಂದ ಒಂದು ಮಾತು ಅಂದಿದ್ರೆ ಪುಕ್ಕಟೆ ಕಲಿಸ್ತಿದ್ದೆ."

"ಅದಿರ್ಲಿ," ಜಂಬಯ್ಯ ಉಳಿದಿದ್ದ ಒಂದೇ ಅಸ್ತ್ರ ತೆಗೆದರು. "ಅಂಥಾ ನವಿಲು ಮಾಡಿದೋರ ಗೇಟಿಗೆ ತಂತಿ ಯಾಕ್ರಿ?"

"ಇದನ್ನ ನಾನೆಲ್ಲಿ ಬೆಸೆದೀನ್ರಿ? ಹೊಸಬರ ಮೊದಲ ಪಾಠ ಇದರ ಮ್ಯಾಲೇ. ಅವರು ಬೆಸಿತಾರೆ, ಅದು ಬಿಡ್ತೈತೆ, ನಾನು ತಂತಿ ಕಟ್ತೀನಿ. ಇವತ್ತು ನಿಮ್ಮ ಪಾಳಿ." ಸಾಬರು ದನಿ ತಗ್ಗಿಸಿದರು. "ಕಂಬಿ ಚಿಂತೆ ಬ್ಯಾಡ. ನೀವು ಹರಿಹರಕ್ಕೆ ಹೋದಾಗ ನಾನೇ ಬೆಸೆದಿಟ್ಟೀನಿ. ಕೂಸು ಬರ್ತೈತಲ್ಲ."

ಜಂಬಯ್ಯನವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೇರೆ ದಾರಿ ಕಾಣದೆ ಸಾಬರು ಕೊಟ್ಟ ಕಪ್ಪು ಗಾಜಿನ ಮುಖವಾಡ ಹಾಕಿಕೊಂಡರು. ಒಳಗಿಂದ ಲೋಕವೇ ಕಾಣಲಿಲ್ಲ. ಬೆಸುಗೆಯ ಕಡ್ಡಿ ಎರಡು ಸಲ ಕಬ್ಬಿಣಕ್ಕೆ ಅಂಟಿಕೊಂಡಿತು, ಮೂರನೆಯ ಸಲ ಕಿಡಿ ಹಾರಿತು, ಬೀದಿಯ ಜನ ಚಪ್ಪಾಳೆ ತಟ್ಟಿದರು. ಜಂಬಯ್ಯ ಮುಖವಾಡ ಎತ್ತಿ, ಎದೆಯುಬ್ಬಿಸಿ, ಕೊಟ್ರವ್ವನ ಪಾಠದಂತೆ ಗೇಟನ್ನು ಒಮ್ಮೆ ಜಗ್ಗಿದರು.

ಗೇಟು ಕೈಗೆ ಬಂತು.

ಗೋಡೆಯ ಆಚೆ ಹೊನ್ನಕ್ಕ ಬಟ್ಟೆ ಒಣಹಾಕುವ ತಂತಿಯನ್ನು ಮೊದಲೇ ಬಿಚ್ಚಿ ಸುತ್ತಿಟ್ಟುಕೊಂಡಿದ್ದರು. "ತಗಳ್ರಿ" ಎಂದು ಚಾಚಿದರು.