ದೊಡ್ಡಪ್ಪ ಕೆಮ್ಮದ ಭಾನುವಾರ

ಉಡುಪಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ನಗು ಬಾರದ ಭಾನುವಾರ ಅಂತ ಒಂದು ಇದ್ದರೆ, ಅವತ್ತು ನನಗೆ ಮಣಿಪಾಲದಲ್ಲಿ ಡ್ಯೂಟಿ ಇದ್ದಿರಬೇಕು. ನಾನು ಹೋದ ಭಾನುವಾರವೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ದೇವರ ಮನೆಯಲ್ಲಿ ನಗಬಾರದು ಎಂದು ಚಿಕ್ಕವಳಿದ್ದಾಗ ಅಮ್ಮ ತೊಡೆ ಚಿವುಟುತ್ತಿದ್ದರು. ಈಗ ಚಿವುಟಲಿಕ್ಕೆ ಅಮ್ಮ ಇಲ್ಲ, ನಗಲಿಕ್ಕೆ ಕಾರಣ ಬೇಕಾದಷ್ಟು ಉಂಟು.

ನಾನು ನರ್ಸ್. ಸಭೆಯಲ್ಲಿಯೂ ನನ್ನನ್ನು ಸಿಸ್ಟರ್ ಎಂದೇ ಕರೆಯುವುದು. ಭಾನುವಾರದ ಉಪದೇಶಕ್ಕೆ ನಮ್ಮಲ್ಲಿ ಪ್ರಸಂಗ ಎನ್ನುತ್ತಾರೆ. ಈ ವರ್ಷ ಪಂಚಾಶತ್ತಮ ಹಬ್ಬದ ಪ್ರಸಂಗ, ಅಂದರೆ ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದು ಬಂದ ದಿನದ ಪ್ರಸಂಗ, ನನ್ನ ತಲೆಗೆ ಬಂತು. ಆಗ ಆದದ್ದನ್ನೆಲ್ಲ ಹೇಳುತ್ತೇನೆ, ಕೇಳಿ.

ಕೆಮ್ಮಿನ ಕಟ್ಟಳೆ

ದೊಡ್ಡಪ್ಪನ ಕೆಮ್ಮಿನ ವಿಷಯ ಮೊದಲು ಹೇಳದಿದ್ದರೆ ಮುಂದಿನದು ಒಂದೂ ಅರ್ಥವಾಗಲಿಕ್ಕಿಲ್ಲ.

ದೊಡ್ಡಪ್ಪ ಎಂದರೆ ನಮ್ಮ ಸಭೆಯ ಎಲ್ಲರಿಗಿಂತ ಹಿರಿಯರು, ನಿವೃತ್ತ ಹೆಡ್‌ಮಾಸ್ಟರು. ಊರಿಗೆಲ್ಲ ದೊಡ್ಡಪ್ಪ. ಮುಂದಿನ ಬೆಂಚಿನಲ್ಲಿ, ಕಿಟಕಿಯ ಬದಿಯಲ್ಲಿ ಅವರ ಜಾಗ. ಪ್ರಸಂಗ ಇಪ್ಪತ್ತು ನಿಮಿಷ ಮುಟ್ಟಿತೋ, ಅವರೊಮ್ಮೆ ಕೆಮ್ಮುತ್ತಾರೆ. ಅದು ಕಫದ ಕೆಮ್ಮಲ್ಲ, ಅಲರ್ಜಿಯ ಕೆಮ್ಮೂ ಅಲ್ಲ. ಆಸ್ಪತ್ರೆಯಲ್ಲಿ ನಾನು ಕೇಳದ ಕೆಮ್ಮಿಲ್ಲ, ಆದರೆ ಈ ಕೆಮ್ಮಿಗೆ ಯಾವ ವಾರ್ಡಿನಲ್ಲಿಯೂ ಔಷಧ ಇಲ್ಲ. ಒಂದು ಕೆಮ್ಮು ಬಂದರೆ ಅಯ್ಯನವರು, ಅಂದರೆ ನಮ್ಮ ಪಾಸ್ಟರು, "ಕೊನೆಯದಾಗಿ" ಎನ್ನಬೇಕು. ಎರಡನೆಯದು ಬಂದರೆ "ಆಮೆನ್." ಹಿಂದಿನ ಅಡುಗೆಕೋಣೆಯಲ್ಲಿ ದೊಡ್ಡಪ್ಪನ ಹೆಂಡತಿ ದೊಡ್ಡಮ್ಮ ಕಿವಿಗೊಟ್ಟು ನಿಂತಿರುತ್ತಾರೆ. ಮೊದಲ ಕೆಮ್ಮು ಕೇಳಿದ ಕೂಡಲೇ ಕುದಿಯುವ ನೀರಿಗೆ ಚಹಾದ ಪುಡಿ ಬೀಳುತ್ತದೆ.

ಒಂದು ಸಲ ದೊಡ್ಡಪ್ಪನಿಗೆ ನಿಜವಾಗಿಯೂ ಶೀತ ಆಯಿತು. ಅಯ್ಯನವರು ಆಗ ಹೊಸಬರು, ಪ್ರಾಯವೂ ಸಣ್ಣದು. ಕೆಮ್ಮಿನ ಕಟ್ಟಳೆಯನ್ನು ಯಾರೋ ಅವರ ಕಿವಿಯಲ್ಲಿ ಹೇಳಿಟ್ಟಿದ್ದರು. ಪೀಠ ಹತ್ತಿ "ಪ್ರಿಯರೇ" ಎಂದರು. ದೊಡ್ಡಪ್ಪ ಕೆಮ್ಮಿದರು. ಅಯ್ಯನವರು ಬೆಚ್ಚಿ "ಕೊನೆಯದಾಗಿ" ಎಂದರು. ದೊಡ್ಡಪ್ಪ ಇನ್ನೊಮ್ಮೆ ಕೆಮ್ಮಿದರು. "ಆಮೆನ್!"

ಚಹಾಕ್ಕೆ ನೀರು ಇಡುವ ಮೊದಲೇ ಜನ ಅಂಗಳದಲ್ಲಿ ನಿಂತಿದ್ದರು. ಮುಂದಿನ ಶನಿವಾರ ದೊಡ್ಡಪ್ಪನ ಮನೆಗೆ ಫೋನಿನ ಮೇಲೆ ಫೋನು, ಶೀತ ಹೇಗುಂಟು ಎಂದು. ಗುಣವಾಯಿತು ಎಂದರೆ ಆಚೆಯಿಂದ "ಹೌದಾ, ಛೆ" ಎನ್ನುತ್ತಿದ್ದರಂತೆ.

ಸ್ಕೂಟರ್ ಸಿಗಲಿಕ್ಕಿಲ್ಲ

ಸಮಿತಿಯ ಸಭೆಯಲ್ಲಿ ಅಯ್ಯನವರು ನನ್ನ ಹೆಸರು ಹೇಳಿದರು. ವಿಷಯವನ್ನೂ ಅವರೇ ಆರಿಸಿದ್ದರು. ವೇದದಲ್ಲಿ, ಅಂದರೆ ನಮ್ಮ ಬೈಬಲಿನಲ್ಲಿ, ಜ್ಞಾನವು ಹೆಣ್ಣಾಗಿ ಬರುವ ಅಧ್ಯಾಯಗಳುಂಟು. ಅವಳು ಬೀದಿಯಲ್ಲಿ ನಿಂತು ಜನರನ್ನು ಕೂಗುತ್ತಾಳೆ, ಮನೆ ಕಟ್ಟುತ್ತಾಳೆ, ಅಡುಗೆ ಮಾಡಿ ಬಡಿಸಿಟ್ಟು ಬುದ್ಧಿ ಸಾಲದವರನ್ನೆಲ್ಲ ಊಟಕ್ಕೆ ಕರೆಯುತ್ತಾಳೆ. ಈ ಜ್ಞಾನಕ್ಕೂ ಪವಿತ್ರಾತ್ಮನಿಗೂ ಎಂತ ಸಂಬಂಧ ಎಂದು ಹೇಳಬೇಕು.

"ಆಗಲಿಕ್ಕಿಲ್ಲ" ಎಂದರು ದೊಡ್ಡಪ್ಪ. "ಮೊದಲನೆಯದಾಗಿ, ಆ ಜ್ಞಾನ ಎಂದರೆ ದೇವಕುಮಾರನು, ಆತ್ಮನಲ್ಲ. ಎರಡನೆಯದಾಗಿ, ಅಲ್ಲಿ ಅವಳು ಎಂದು ಬರೆದುಂಟು ಅಂತ ಹೆಂಗಸರು ಪೀಠ ಹತ್ತುವುದಾ? ನರ್ಸು ಇಂಜೆಕ್ಷನ್ ಕೊಡಲಿ, ಸಾಕು."

ಅಯ್ಯನವರು ಮೆಲ್ಲನೆ, "ಜ್ಞಾನವೇ ಆತ್ಮ ಎಂದ ಹಳೆಯ ಗುರುಗಳೂ ಇದ್ದಾರೆ ದೊಡ್ಡಪ್ಪ. ಕುಮಾರನು ಎಂದವರು ಹೆಚ್ಚು, ಅದು ಸರಿ. ಎರಡೂ ಅಲ್ಲ, ಬರೀ ಕವಿಮಾತು ಎಂದವರೂ ಇದ್ದಾರೆ" ಎಂದರು.

"ಹಾಗಾದರೆ ಅವರನ್ನೇ ಕರೆಸಿ. ಇವಳು ಪೀಠ ಹತ್ತಿದ ದಿನ ನಾನು ಉದ್ಯಾವರದ ಸಭೆಗೆ ಹೋಗುತ್ತೇನೆ."

ಹೇಳಿಬಿಡುತ್ತೇನೆ, ನನಗೆ ಪ್ರಸಂಗ ಮಾಡುವ ಆಸೆ ತುಂಬ ಇತ್ತು. ಎಷ್ಟೋ ಜನರ ಮಂಚದ ಪಕ್ಕ ನಿಂತು ತುಟಿ ಅಲುಗಿಸದೆ ಪ್ರಾರ್ಥನೆ ಮಾಡಿದವಳು ನಾನು. ಒಂದು ಸಲವಾದರೂ ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ದೇವರ ಮಾತು ಹೇಳಬೇಕು ಅಂತ. ಆದರೆ ಭಾನುವಾರದ ಶಾಲೆಯಲ್ಲಿ ನನ್ನ ಬೆರಳು ಹಿಡಿದು ವೇದ ಓದಲು ಕಲಿಸಿದವರು ಇದೇ ದೊಡ್ಡಪ್ಪ. ಅವರೇ ಎದ್ದು ಹೋದರೆ ನನ್ನ ಪ್ರಸಂಗ ಯಾರಿಗೆ?

ಅಷ್ಟರಲ್ಲಿ ಚಹಾ ತಂದ ದೊಡ್ಡಮ್ಮ, "ಉದ್ಯಾವರಕ್ಕಾದರೆ ಬಸ್ಸಿನಲ್ಲಿ ಹೋಗಿ ಆಯ್ತಾ. ಅವತ್ತು ಹಬ್ಬದೂಟಕ್ಕೆ ಕೋಳಿ ತರಲಿಕ್ಕುಂಟು, ಸ್ಕೂಟರ್ ಸಿಗಲಿಕ್ಕಿಲ್ಲ" ಎಂದರು.

ಕಾಪುವಿನಲ್ಲಿ ಸಮುದ್ರದ ಮೇರೆ

ಸಮಿತಿಯ ಉಳಿದವರೆಲ್ಲ ಒಪ್ಪಿ ಪ್ರಸಂಗ ನನಗೇ ಉಳಿಯಿತು. ಪೀಠದಲ್ಲಿ ನಡುಗಬಾರದಲ್ಲ, ಹಾಗಾಗಿ ಮನೆಮನೆಯ ಪ್ರಾರ್ಥನಾ ಕೂಟಗಳಲ್ಲಿ ಸ್ವಲ್ಪ ಸ್ವಲ್ಪ ಹೇಳಿ ಅಭ್ಯಾಸ ಮಾಡಿಕೊಳ್ಳುವುದು ಎಂದು ಅಯ್ಯನವರು ಉಪಾಯ ಹೇಳಿಕೊಟ್ಟರು. ಮೊದಲು ಕಾಪು. ಸಮುದ್ರಕ್ಕೆ ಬೆನ್ನು ಹಾಕಿ ಕೂತ ಮನೆ. ಪಕ್ಕದ ಮನೆಯ ದೋಣಿಯವರು ನಮ್ಮ ಸಭೆಯವರಲ್ಲ, ದೈವ ದೇವರು ನಂಬುವವರು. ಆದರೂ ಕೂಟ ಇದ್ದ ದಿನ ಬಂದು ಜಗಲಿಯಲ್ಲಿ ಕೂತು ಕೇಳುತ್ತಾರೆ, ಚಹಾ ಕುಡಿದು ಹೋಗುತ್ತಾರೆ.

ನಾನು ಚೆನ್ನಾಗಿಯೇ ಶುರು ಮಾಡಿದೆ. ದೇವರು ಲೋಕವನ್ನು ಉಂಟುಮಾಡುವಾಗ ಜ್ಞಾನ ಎಂಬವಳು ಪಕ್ಕದಲ್ಲಿ ನಿಂತು ಆನಂದಪಡುತ್ತಿದ್ದಳು, ಬೆಟ್ಟ ನಿಲ್ಲಿಸುವಾಗಲೂ ಇದ್ದಳು, ಸಮುದ್ರ ಇಲ್ಲಿಂದ ಮುಂದೆ ಬರಬಾರದು ಎಂದು ಮೇರೆ ಹಾಕುವಾಗಲೂ ಇದ್ದಳು ಎಂದೆ.

ದೋಣಿಯವರು ಜಗಲಿಯಿಂದ, "ಸಿಸ್ಟರ್, ಒಂದು ಕೇಳಲಾ?" ಎಂದರು.

"ಕೇಳಿ."

"ಮೇರೆ ಹಾಕುವಾಗ ಆ ಅಮ್ಮ ಪಕ್ಕದಲ್ಲೇ ಇದ್ದರು ಅಂತ ಅಲ್ವಾ ನೀವು ಹೇಳಿದ್ದು?"

"ಹೌದು."

"ಹಾಗಾದರೆ ನಮ್ಮ ಹಿತ್ತಲಿನ ತಡೆಗೋಡೆ ಕಟ್ಟುವಾಗ ಕಂಟ್ರಾಕ್ಟರ್ ಅವರನ್ನು ಕರೆಯಲೇ ಇಲ್ಲ ಮಾರಾಯ್ರೆ. ಮೊದಲ ಮಳೆಗೇ ಕಲ್ಲೆಲ್ಲ ಸಮುದ್ರದೊಳಗೆ."

ಕಾರ್ಕಳದಲ್ಲಿ ಮತದಾನ

ಕಾರ್ಕಳದಲ್ಲಿ ನನ್ನ ಚಿಕ್ಕಮ್ಮನ ಮನೆ. ಅಲ್ಲಿ ಹೆಂಗಸರ ಕೂಟ. ಆ ಕೂಟದವರು ಏನನ್ನೂ ಕೈ ಎತ್ತಿಸದೆ ತೀರ್ಮಾನ ಮಾಡುವವರಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಎಷ್ಟು ಬಗೆ, ಪ್ರವಾಸ ಎಲ್ಲಿಗೆ, ಎಲ್ಲದಕ್ಕೂ ಕೈ ಎತ್ತಬೇಕು, ಕಾರ್ಯದರ್ಶಿ ಬರೆದುಕೊಳ್ಳಬೇಕು.

ನಾನು ನನ್ನ ಕಷ್ಟ ಹೇಳಿಕೊಂಡೆ. ಜ್ಞಾನ ಎಂದರೆ ಕುಮಾರನೋ ಆತ್ಮನೋ ಎಂದು ದೊಡ್ಡ ದೊಡ್ಡ ಪಂಡಿತರೇ ಒಪ್ಪಿಲ್ಲ, ನಮ್ಮ ದೊಡ್ಡಪ್ಪನಂತೂ ಜಗಳಕ್ಕೇ ನಿಂತಿದ್ದಾರೆ ಎಂದೆ.

"ಇದಕ್ಕೆ ಇಷ್ಟು ತಲೆಬಿಸಿ ಎಂತಕ್ಕೆ?" ಎಂದರು ಕಾರ್ಯದರ್ಶಿ. "ಕುಮಾರನು ಎನ್ನುವವರು ಕೈ ಎತ್ತಿ."

ಅರ್ಧದಷ್ಟು ಕೈಗಳು ಎದ್ದವು.

"ಆತ್ಮನು ಎನ್ನುವವರು?"

ಇನ್ನರ್ಧ ಎದ್ದವು. ಚಿಕ್ಕಮ್ಮ ಎರಡಕ್ಕೂ ಎತ್ತಿದರು.

"ಎರಡಕ್ಕೂ ಆಗುವುದಿಲ್ಲ. ಯಾವುದಾದರೂ ಒಂದು ಹೇಳಿ" ಎಂದು ಕಾರ್ಯದರ್ಶಿ ಗದರಿಸಿದರು.

ಚಿಕ್ಕಮ್ಮ ಕೈ ಇಳಿಸಲಿಲ್ಲ. "ತಂದೆ, ಮಗ, ಆತ್ಮ, ಮೂವರೂ ಒಂದೇ ಮನೆಯವರಲ್ವಾ? ಮದುವೆಗೆ ಕರೆಯಲಿಕ್ಕೆ, ಹೇಳಿಕೆ ಮಾಡಲಿಕ್ಕೆ ಹೋದಾಗ ಜಗಲಿಯಲ್ಲಿ ಯಾರು ಸಿಕ್ಕಿದರೂ ಅವರಿಗೆ ಹೇಳಿ ಬರುವುದಿಲ್ವಾ? ಒಬ್ಬರಿಗೆ ಹೇಳಿದರೆ ಮನೆಯವರಿಗೆಲ್ಲ ಹೇಳಿದ ಹಾಗೆ. ಇದೂ ಹಾಗೇ. ಕರೆದದ್ದು ಆ ಮನೆಯಿಂದ. ಯಾರ ಬಾಯಿಯಿಂದ ಅಂತ ನಾವು ಯಾಕೆ ಪಂಚಾಯಿತಿ ಮಾಡಬೇಕು?"

ನನಗೆ ಮೈ ಜುಂ ಎಂದಿತು. ಇಷ್ಟು ದಿನ ಓದಿದರೂ ಹೊಳೆಯದ್ದು ಅದು. ಕಾರ್ಯದರ್ಶಿ ಮಾತ್ರ ಪೆನ್ನು ಹಿಡಿದು ಗಾಬರಿಯಲ್ಲಿ ಕೂತಿದ್ದರು, ಎಂತ ಬರೆಯುವುದು ಎಂದು. ಕೊನೆಗೆ ಬರೆದು ಗಟ್ಟಿಯಾಗಿ ಓದಿದರು: "ತಂದೆ, ಮಗ, ಪವಿತ್ರಾತ್ಮ, ಈ ಮೂವರನ್ನೂ ಕಾರ್ಕಳದ ಹೆಂಗಸರ ಕೂಟವು ಸರ್ವಾನುಮತದಿಂದ ಅಂಗೀಕರಿಸಿತು."

ಮಣಿಪಾಲದಲ್ಲಿ ಒಬ್ಬರ ಅಂತ್ಯಕಾಲ

ಹಬ್ಬ ಹತ್ತಿರ ಬಂತು. ದೊಡ್ಡಪ್ಪ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ಮಧ್ಯಾಹ್ನ ವಾರ್ಡಿನಲ್ಲಿ ಸ್ವಲ್ಪ ಪುರುಸೊತ್ತು. ಎಲ್ಲೂರಿನ ಕಡೆಯ ಅಜ್ಜರೊಬ್ಬರು ಹರ್ನಿಯಾ ಆಪರೇಷನ್ ಆಗಿ ಮಲಗಿದ್ದರು. ಕಣ್ಣು ಮುಚ್ಚಿತ್ತು. ನಿದ್ದೆ ಎಂದುಕೊಂಡು ಅವರ ಡ್ರಿಪ್ ನೋಡುತ್ತಾ ಮೆಲ್ಲನೆ ಪ್ರಸಂಗ ಹೇಳಿಕೊಳ್ಳುತ್ತಿದ್ದೆ. "ಬಾ, ಬಾ, ಎಂದು ಅವಳು ಕರೆಯುತ್ತಾಳೆ. ಬಾಗಿಲು ತೆರೆದಿದೆ. ತಡಮಾಡಬೇಡ..."

ಅಜ್ಜರು ಗಬಕ್ಕನೆ ನನ್ನ ಕೈ ಹಿಡಿದರು. ಕಣ್ಣಲ್ಲಿ ನೀರು.

"ಸಿಸ್ಟರ್, ಡಾಕ್ಟರ್ ಎಂತ ಹೇಳಿದರು? ನಿಜ ಹೇಳಿ. ಮಕ್ಕಳನ್ನು ಕರೆಸಿ."

"ಅಯ್ಯೋ ಅಜ್ಜರೇ, ನಿಮಗೆ ಎಂತದೂ ಆಗಿಲ್ಲ! ನಾಳೆ ಮನೆಗೆ ಹೋಗುವವರು ನೀವು."

"ಮನೆಗಾ, ಮೇಲಕ್ಕಾ?"

ಅವರನ್ನು ಸಮಾಧಾನ ಮಾಡಲಿಕ್ಕೆ ಪ್ರಸಂಗದ ಕತೆ ಪೂರ್ತಿ ಹೇಳಬೇಕಾಯಿತು. ಜ್ಞಾನ ಎಂಬವಳು ಮನೆ ಕಟ್ಟಿದ್ದು, ಅಡುಗೆ ಮಾಡಿದ್ದು, ಎತ್ತರದಲ್ಲಿ ನಿಂತು ಕರೆದದ್ದು. ಅಜ್ಜರಿಗೆ ಜೀವ ಬಂತು. ದಿಂಬಿಗೊರಗಿ ಕೇಳಿದರು. "ಆಮೇಲೆ? ಜನ ಬಂದರಾ?"

ಆ ಅಧ್ಯಾಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಇದನ್ನು ಮಾತ್ರ ಕೇಳಿಕೊಂಡಿರಲಿಲ್ಲ.

"ಅದನ್ನು ಬರೆದಿಲ್ಲ ಅಜ್ಜರೇ."

"ಛೆ ಛೆ, ಅಷ್ಟು ಅಡುಗೆ ಮಾಡಿ ಜನ ಬಾರದಿದ್ದರೆ ಹೇಗೆ?" ಎಂದು ಅವರು ನಿಜಕ್ಕೂ ನೊಂದುಕೊಂಡರು. ಸಂಜೆ ಮಗ ಬಂದಾಗ ಅವರು ಮೊದಲು ಹೇಳಿದ್ದು ಹೊಲಿಗೆಯ ನೋವಿನ ವಿಷಯವಲ್ಲ. "ಸಿಸ್ಟರಿನ ಸಂಬಂಧದ ಒಬ್ಬರ ಮನೆಯಲ್ಲಿ ಊಟಕ್ಕೆ ಜನ ಕಡಿಮೆ ಉಂಟಂತೆ, ನೀನೊಮ್ಮೆ ಹೋಗಿ ಬಾ."

ಹಬ್ಬದ ದಿನ

ಪೀಠ ಹತ್ತಿದೆ. ಮೊದಲು ನೋಡಿದ್ದು ಕಿಟಕಿಯ ಬದಿಯ ಜಾಗ. ದೊಡ್ಡಪ್ಪ ಇದ್ದರು! ಉದ್ಯಾವರಕ್ಕೆ ಹೋಗಿರಲಿಲ್ಲ. ಆದರೆ ಕೈಕಟ್ಟಿ, ಹುಬ್ಬು ಗಂಟು ಹಾಕಿ ಕೂತಿದ್ದರು. ಇದು ಕೆಮ್ಮಲಿಕ್ಕೇ ಬಂದದ್ದು ಎಂದು ನನಗೆ ಗೊತ್ತಾಯಿತು. ಐದು ನಿಮಿಷಕ್ಕೇ ಕೆಮ್ಮಿದರೆ ನನ್ನ ಕತೆ ಮುಗಿಯಿತು.

ಶುರು ಮಾಡಿದೆ. ಕಾಪುವಿನ ತಡೆಗೋಡೆ ಹೇಳಿದೆ, ಜನ ನಕ್ಕರು. ಮದುವೆಯ ಹೇಳಿಕೆ ಎಂದು ಚಿಕ್ಕಮ್ಮ ಕೊಟ್ಟ ಹೋಲಿಕೆಯನ್ನು ಹೇಳಿದೆ. "ಕುಮಾರನು ಎಂದವರೂ ಸುಳ್ಳು ಹೇಳಲಿಲ್ಲ, ಆತ್ಮನು ಎಂದವರೂ ಸುಳ್ಳು ಹೇಳಲಿಲ್ಲ. ಇಂದು ಶಿಷ್ಯರ ಮೇಲೆ ಬಂದ ಆತ್ಮನು ಅದೇ ಮನೆಯಿಂದ ಬಂದು ಅದೇ ಊಟಕ್ಕೆ ಕರೆದದ್ದು. ಶಿಷ್ಯರ ಬಾಯಿಯಿಂದ ಎಲ್ಲ ಭಾಷೆಯವರಿಗೂ ಅವರವರ ಭಾಷೆಯಲ್ಲಿಯೇ ಹೇಳಿಕೆ ಹೋಯಿತು" ಎಂದೆ. ದೊಡ್ಡಪ್ಪನ ಹುಬ್ಬಿನ ಗಂಟು ಬಿಚ್ಚಿತು. ಕೆಮ್ಮಲಿಲ್ಲ.

ಇಪ್ಪತ್ತು ನಿಮಿಷ ಆಯಿತು. ಕೆಮ್ಮಿಲ್ಲ.

ಆಗ ನನಗೆ ಬೆವರಿಳಿಯಿತು. ಯಾಕೆಂದರೆ ನನ್ನ ಪ್ರಸಂಗಕ್ಕೆ ಕೊನೆಯೇ ಇರಲಿಲ್ಲ! ನಮ್ಮ ಸಭೆಯಲ್ಲಿ ಕೊನೆಯನ್ನು ತಯಾರು ಮಾಡಿಕೊಂಡು ಬಂದವರು ಯಾರಿದ್ದಾರೆ? ಕೆಮ್ಮು ಬರುತ್ತದೆ, ಮುಗಿಯುತ್ತದೆ. ಹುಟ್ಟಿದಾಗಿನಿಂದ ನಾನು ಕಂಡದ್ದು ಅದೇ. ದೊಡ್ಡಪ್ಪನ ಮುಖ ನೋಡಿದೆ. ಅವರು ಮುಂದಕ್ಕೆ ಬಾಗಿ, ಗಲ್ಲಕ್ಕೆ ಕೈಯಿಟ್ಟು, ಶಾಲೆಯ ಹುಡುಗನಂತೆ ಕೇಳುತ್ತಾ ಕೂತಿದ್ದಾರೆ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. ಅಯ್ಯನವರು ಗಡಿಯಾರ ನೋಡಿದರು. ಹಿಂದೆ ಮಕ್ಕಳು ಮಿಸುಕಾಡಿದರು. ದಿಕ್ಕು ತೋಚದೆ ಎಲ್ಲೂರಿನ ಅಜ್ಜರ ಮಾತನ್ನು ಹಿಡಿದುಕೊಂಡೆ.

"ಅವಳು ಅಡುಗೆ ಮಾಡಿ ಕರೆದಳು. ಜನ ಬಂದರಾ ಎಂದು ಒಬ್ಬರು ನನ್ನನ್ನು ಕೇಳಿದರು. ಬರೆದಿಲ್ಲ. ಅವಳಿನ್ನೂ ಬಾಗಿಲಲ್ಲಿ ನಿಂತಿದ್ದಾಳೆ. ಜನ ಬಂದರಾ?"

ಮುಂದೆ ಎಂತ ಹೇಳುವುದು ಗೊತ್ತಿಲ್ಲ. ಬಾಯಿ ತೆರೆದು ನಿಂತೆ.

ದಡಾರನೆ ಬದಿಯ ಬಾಗಿಲು ತೆರೆಯಿತು. ದೊಡ್ಡಮ್ಮ! ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಸೊಂಟದ ಮೇಲೆ. ಗಂಡನ ಕಡೆಗೆ ನೋಡಿ ಕೂಗಿಯೇಬಿಟ್ಟರು. "ಎಂತ ಮಾರಾಯ್ರೆ, ಇವತ್ತು ನೀವು ಕೆಮ್ಮುವುದಿಲ್ವಾ? ಕಾದು ಕಾದು ಕೋಳಿ ಪದಾರ್ಥ ಮೂರು ಸಲ ಬಿಸಿ ಮಾಡಿ ಆಯ್ತು! ಬನ್ನಿ ಎಲ್ಲರೂ!"

ಮೊದಲು ನಕ್ಕದ್ದು ದೊಡ್ಡಪ್ಪ. ಕಣ್ಣೀರು ಬರುವ ಹಾಗೆ ನಕ್ಕು, ಬೆಂಚು ಹಿಡಿದು ಎದ್ದು ನಿಂತು, ಸಭೆಗೆಲ್ಲ ಕೇಳುವಂತೆ ಹೇಳಿದರು. "ಏಳಿ, ಏಳಿ. ಕರೆದಾಯಿತು. ಬಂದರು ಅಂತ ಬರೆದುಕೋ ಸಿಸ್ಟರ್, ಎಲ್ಲರೂ ಬಂದರು!"

ಬೆಂಚುಗಳು ಖಾಲಿಯಾದವು. ಅಯ್ಯನವರು ಕಡೆಯ ಆಶೀರ್ವಾದವನ್ನು ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಹೇಳಿದರು. ನಾನು ಪೀಠದಿಂದ ಇಳಿದವಳು ಕಣ್ಣೊರೆಸಿಕೊಂಡು ಹಿಂದೆ ನಿಂತಿದ್ದೆ. ದೊಡ್ಡಪ್ಪ ಸಾಲಿನಲ್ಲಿದ್ದ ತಮ್ಮ ಜಾಗ ಬಿಟ್ಟು ಬಂದು ನನ್ನನ್ನು ಮುಂದೆ ನಿಲ್ಲಿಸಿದರು.

"ಕೆಮ್ಮಲಿಕ್ಕೇ ಬಂದದ್ದು ನಾನು" ಎಂದರು ತಗ್ಗಿದ ಸ್ವರದಲ್ಲಿ. "ಎಲ್ಲಿ ಕೆಮ್ಮುವುದು ಅಂತ ನೋಡ್ತಾ ನೋಡ್ತಾ ಮರೆತೇಹೋಯಿತು. ಮುಂದಿನ ವರ್ಷವೂ ನೀನೇ ಮಾಡು ಮಗಾ."

ಹೂಂ ಎಂದು ತಲೆಯಾಡಿಸಿದೆ.

"ಆದರೆ ಒಂದು" ಎಂದರು ದೊಡ್ಡಪ್ಪ, ಕೋಳಿಯ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿಸುತ್ತಾ. "ಕೊನೆಯನ್ನು ಮನೆಯಿಂದಲೇ ತಯಾರು ಮಾಡಿಕೊಂಡು ಬಾ. ನನ್ನನ್ನು ನಂಬಬೇಡ."