ಮುತ್ಯಾನ ಎದೆಯ ಬಾಗಿಲು, ನನ್ನ ಎಡಗಾಲು

ಸಾವಿನ ಮನೆಗೆ ಹೋಗಿ ಬರುವವನಿಗೆ ನಗು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಬರುತ್ತದೆ. ನಗಬಾರದ ಜಾಗ ನೋಡಿಯೇ ಶಿವ ಅದನ್ನು ಕಳಿಸುತ್ತಾನೆ. ನಾನು ಅಯ್ಯ, ಜಂಗಮ. ಉಮರ್ಗಾ, ನಿಲಂಗಾ, ಉದಗೀರದ ಕಡೆ ನಮ್ಮ ಭಕ್ತರ ಮನೆಗಳಲ್ಲಿ ಕೂಸಿಗೆ ಲಿಂಗ ಕಟ್ಟುವವನು ನಾನೇ. ಸತ್ತವರನ್ನು ಕುಣಿಯಲ್ಲಿ ಕೂಡಿಸಿ, ಮಣ್ಣು ಕೊಡುವ ಮೊದಲು ಅವರ ತಲೆಯ ಮೇಲೆ ಎಡಗಾಲು ಇಡುವವನೂ ನಾನೇ. ಹಾಗಾಗಿ ವಯಸ್ಸಾದವರು ನನ್ನ ಮುಖ ನೋಡಿ ಮಾತಾಡುವುದಿಲ್ಲ, ಕಾಲು ನೋಡಿ ಮಾತಾಡುತ್ತಾರೆ.

೧. ಕಾಲು

ಸಾಸ್ತೂರಿನಲ್ಲಿ ಎಲ್ಲರೂ ಮುತ್ಯಾ ಎನ್ನುವ ಅಜ್ಜನಿಗೆ ತೊಂಬತ್ತು ದಾಟಿದೆ. ಅವನು ಉಸಿರೆಳೆದರೆ ಹಳೇ ಬಾಗಿಲು ಎಳೆದಂತೆ ಸಪ್ಪಳ. ಉದಗೀರಕ್ಕೆ, ಮಗಳ ಮನೆಗೆ ಹೋದಾಗ ಅಲ್ಲಿಯ ಡಾಕ್ಟರು ನೋಡಿ, “ಗುಂಡಿಗಿ ಬಾಗಲಾ ಬಿಗದದ. ಹಂಗೇ ಬಿಟ್ಟರ ಈ ಛಳಿಗಾಲ ಕಳಿಯೂದು ಕಠಿಣ” ಎಂದರು. ಎದೆ ಸೀಳುವ ವಯಸ್ಸಲ್ಲ. ತೊಡೆಯ ರಕ್ತನಾಳದೊಳಗಿಂದ ಹೊಸ ಬಾಗಿಲು, ಅಂದರೆ ಕವಾಟ, ಒಯ್ದು ಕೂಡಿಸುತ್ತಾರಂತೆ. ಮಗ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿ ನರ್ಸಮ್ಮ ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆ ತೋರಿಸಿ, “ಬಾಬಾ, ಯೇ ನಿಕಾಲೋ” ಎಂದಳಂತೆ.

“ಲಿಂಗ ಮೈ ಬಿಟ್ಟರ ನಾ ಸತ್ತಂಗೇ. ಸತ್ತವಗ ಆಪರೇಷನ್ ಯಾಕವ್ವಾ?” ಎಂದು ಮುತ್ಯಾ ಬಟ್ಟೆ ಹೊದ್ದು ಕುಳಿತುಬಿಟ್ಟ.

ಮಗ ನನಗೆ ಫೋನು ಮಾಡಿದ. ಜೋಳಿಗೆ ಹಾಕಿಕೊಂಡು ಉಮರ್ಗಾದಲ್ಲಿ ಹೈದರಾಬಾದ್ ಬಸ್ ಹತ್ತಿದೆ. ಕಿಟಕಿಯಿಂದ ನೋಡಿದರೆ ಸ್ಟ್ಯಾಂಡಿನಲ್ಲಿ ಮುತ್ಯಾನ ತಮ್ಮ ಕಂಡ. ನನ್ನನ್ನು ನೋಡಿದವನೇ ದೂರದಿಂದ ಕೈಮುಗಿದು, ಕಣ್ಣೊರೆಸಿಕೊಂಡು, ಮೋಟರ್‌ಸೈಕಲ್ ತಿರುಗಿಸಿ ಹೋದ. ಭಕ್ತಿ ಎಂದುಕೊಂಡೆ.

ವಾರ್ಡಿನೊಳಗೆ ಹೋದರೆ, ಮುತ್ಯಾನ ಬಾಜೂ ಮಂಚದಲ್ಲಿ ನಿಲಂಗಾ ಕಡೆಯ ಮುದುಕಿಯೊಬ್ಬಳು. ನನ್ನ ವಿಭೂತಿ, ರುದ್ರಾಕ್ಷಿ ನೋಡಿ ತಲೆತನಕ ಮುಸುಕೆಳೆದಳು. ಒಳಗಿಂದ ದನಿ ಬಂತು: “ನಾ ಇನ್ನಾ ಜೀವಂತ ಅದೀನ್ರೀ, ಮುಂದ ಹೋಗ್ರೀ!”

ಮುತ್ಯಾ ಕಣ್ಣು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಬರ್ರೀ ಅಯ್ಯನೋರೆ. ಆದ್ರ ಎಡಗಾಲ ಹೊರಗ ಬಿಟ್ಟ ಬರ್ರೀ.”

೨. ಬಸವಣ್ಣ

ಡಾಕ್ಟರು ಒಳ್ಳೆಯವರು. ಕರಡಿಗೆ ತೆಗೆದು, ಲಿಂಗವನ್ನು ಶುದ್ಧ ಅರಿವೆಯಲ್ಲಿ ಸುತ್ತಿ ಅಂಗೈಗೆ ಕಟ್ಟುತ್ತೇನೆ ಎಂದು ನಾನು ಹೇಳಿದ್ದಕ್ಕೆ ಒಪ್ಪಿದರು. ಆಮೇಲೆ ಮೆಲ್ಲಗೆ ಇನ್ನೊಂದು ಹೇಳಿದರು. ಆ ಹೊಸ ಬಾಗಿಲನ್ನು ಎತ್ತಿನ ಗುಂಡಿಗೆಯ ಪೊರೆಯಿಂದ ಮಾಡಿರುತ್ತಾರಂತೆ, ನಡೆಯುತ್ತದೆಯೇ?

ಮಗ ನನ್ನ ಮುಖ ನೋಡಿದ. ನಾನು ಮುತ್ಯಾನ ಮುಖ ನೋಡಿದೆ. ಮುತ್ಯಾ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡ. ವಾರ್ಡೆಲ್ಲ ಅವನ ಉಸಿರಿನ ಆ ಬಾಗಿಲ ಸಪ್ಪಳವೇ.

“ಗುಡಿಯೊಳಗ ಬಸವಣ್ಣ ಎಲ್ಲಿ ಕೂಡ್ತಾನ? ಶಿವನ ಬಾಗಲದಾಗ. ನನ್ನ ಎದಿ ಬಾಗಲದಾಗೂ ಕೂಡ್ಲಿ” ಎಂದ. ನನ್ನ ಕಣ್ಣು ತುಂಬಿ ಬಂತು, ಕೈಮುಗಿದೆ.

ಆಗ ಅವನು ಡಾಕ್ಟರನ್ನು ಕೇಳಿದ: “ಕೊಂಬಿಲೆ ಹಾಯೂದಿಲ್ಲ ಹೌದಿಲ್ಲೋ?”

೩. ಒಳಗಿನ ಮಾತು

ಮರುದಿನ ಮುಂಜಾನೆ ಮುತ್ಯಾನನ್ನು ಆಪರೇಷನ್ನಿಗೆ ಒಯ್ದರು. ಹೊರಗೆ ನಾನು ಪಂಚಾಕ್ಷರಿ ಹೇಳುತ್ತಾ ಕುಳಿತೆ. ಡಾಕ್ಟರು ಬಂದು ಎಲ್ಲ ಸುಸೂತ್ರ ಎಂದರು. ಬಾಗಿಲು ಕೂಡಿಸುವ ಗಳಿಗೆ ಗುಂಡಿಗೆಯನ್ನು ಬೇಕೆಂತಲೇ ಜೋರು ನಡುಗಿಸಿ ರಕ್ತದ ಓಟ ತಡೆಯುತ್ತಾರಂತೆ. ಅಜ್ಜನನ್ನು ಮದ್ದು ಕೊಟ್ಟು ಪೂರ್ತಿ ಮಲಗಿಸಿರಲಿಲ್ಲ. ಆ ನಡುಕ ನಿಂತೊಡನೆ ಅಜ್ಜ ಯಾರ ಸಂಗಡವೋ ಮಾತಾಡಿದರು ಎಂದು ಹೇಳಿ ನಕ್ಕರು.

ಮಂಚಕ್ಕೆ ತಂದ ಮೇಲೆ ಮುತ್ಯಾ ಮಗನಿಗೆ ಹೇಳಿದ: “ನಿಮ್ಮವ್ವ ಬಂದಿದ್ದಳು.”

ಮಗ ಅಪ್ಪನ ಹಣೆ ಮುಟ್ಟಿ ನೋಡಿದ. ಅವನ ತಾಯಿ ನಮ್ಮ ಕಡೆಯ ತೊಂಬತ್ಮೂರರ ಭೂಕಂಪದಲ್ಲಿ ಗೋಡೆಯಡಿ ಸಿಕ್ಕು ತೀರಿಹೋದವಳು. ಹೊಲದಲ್ಲೇ ಅವಳ ಸಮಾಧಿ.

“ಬಾಗಲಾ ರಿಪೇರಿ ನಡದದ, ಈಗ ಒಳಗ ಬರಬ್ಯಾಡ ಅಂದಳು. ನನ್ನ ಮ್ಯಾಲ ಮತ್ತ ಮಣ್ಣ ಬೀಳಲಾಕತ್ತದ, ಲಗೂ ಹೋಗಿ ತಗಿ ಅಂದಳು.”

“ಔಷಧದ ಅಮಲ ಅದ ಅಪ್ಪಾ, ಮಲಗು.”

“ಅಮಲಲ್ಲೋ. ಅಮಲಾಗಿದ್ದರ ಆಕಿ ಪ್ರೀತಿಲೇ ಮಾತಾಡತಿದ್ದಳು. ಬೈದಳು. ಆಕೀನೇ.”

೪. ಕುಣಿ

ಊರಿಗೆ ಬಂದ ದಿನ ಮುತ್ಯಾ ಮನೆಯೊಳಗೆ ಕಾಲಿಡಲಿಲ್ಲ. ಮೊದಲು ಹೊಲಕ್ಕೆ ಎಂದ. ತಮ್ಮ ಅಡ್ಡ ನಿಂತ. “ಬಿಸಲ ಅದ ಅಣ್ಣಾ. ಚಹಾ ಕುಡಿ ಅಣ್ಣಾ. ಅಲ್ಲಿ ಹಾವ ಬಂದದ ಅಣ್ಣಾ.”

“ನನ್ನ ಎದಿಯಾಗ ಬಸವಣ್ಣ ಅದಾನ. ಸರಿ ಬಾಜೂಕ.”

ನಡುಮಧ್ಯಾಹ್ನ. ತೊಗರಿಯ ಒಂದು ಎಲೆ ಅಲುಗುತ್ತಿರಲಿಲ್ಲ, ಒಂದು ಕಾಗೆ ಇರಲಿಲ್ಲ. ಸಮಾಧಿಯ ಕಲ್ಲು ಅರ್ಧ ಕಾಣುತ್ತಿರಲಿಲ್ಲ, ಅದರ ಮೇಲೆ ಹಸಿ ಕರಿಮಣ್ಣು. ಪಕ್ಕದಲ್ಲಿ ಜೋಳದ ಒಣ ದಂಟಿನ ಕಣಿಕೆ ಹೊದಿಸಿಟ್ಟಿತ್ತು. ಮುತ್ಯಾ ಬಡಿಗೆಯಿಂದ ಸರಿಸಿದ. ಒಬ್ಬ ಮನುಷ್ಯ ಕೂಡುವಷ್ಟು ಕುಣಿ.

ತಮ್ಮ ನನ್ನ ಕಾಲಿಗೆ ಬಿದ್ದ. “ಅಯ್ಯನೋರು ಜೋಳಿಗಿ ಹಾಕ್ಕೊಂಡ ಹೈದ್ರಾಬಾದ ಬಸ್ ಹತ್ತಿದ್ದ ನೋಡಿದೆ. ಆತು, ಅಣ್ಣ ಹೋದ ಅಂದ್ಕೊಂಡೆ. ನೆಲ ಕಲ್ಲಾಗ್ಯಾದ, ಹೆಣ ಬರೂದ್ರಾಗ ಮುಗೀಲಿ ಅಂತ ಮರುದಿನ ಮುಂಜಾನಿ ತೋಡಿಸಿದೆ. ಸಂಜಿಗಿ ಫೋನ ಬಂತು, ಅಣ್ಣ ಛಲೋ ಅದಾನಂತ. ಹೇಳಲಾಕ ಬಾಯಿ ಬರಲಿಲ್ಲ.”

ಮರುದಿನ ಮುಂಜಾನೆ. ಅಲ್ಲಿ ಮುತ್ಯಾನ ಗುಂಡಿಗೆ ನಡುಗಿಸಿದ ಅದೇ ಹೊತ್ತು.

ಮುತ್ಯಾ ಮೊಣಕಾಲೂರಿ, ಎರಡೂ ಕೈಯಿಂದ ಕಲ್ಲಿನ ಮೇಲಿನ ಮಣ್ಣು ತೆಗೆಯತೊಡಗಿದ. ನೀರಿನ ತಂಬಿಗೆ ಎತ್ತಿದರೆ ಏದುಸಿರು ಬಿಡುತ್ತಿದ್ದವನು. ನಾನು ಕಿವಿಗೊಟ್ಟು ಕೇಳಿದೆ, ಎದೆಯೊಳಗೆ ಆ ಹಳೇ ಬಾಗಿಲ ಸಪ್ಪಳವೇ ಇಲ್ಲ. ಡಾಕ್ಟರು ಬಾಗಿಲು ಕೂಡಿಸಿದರು, ನಿಜ. ಅವನನ್ನು ಆಚೆಯಿಂದ ತಿರುಗಿ ಕಳಿಸಿದವರು ಯಾರೆಂದು ಕೇಳುವಷ್ಟು ದೊಡ್ಡವನು ನಾನಲ್ಲ.

“ತಗದೆ ನೋಡು. ಇನ್ನ ಬೈಬ್ಯಾಡ” ಎಂದು ಕಲ್ಲಿಗೆ ಹೇಳಿ ಎದ್ದ. ಆಮೇಲೆ ನನ್ನ ಕಡೆ ತಿರುಗಿದ. “ತೋಡಿದ ಕುಣಿ ಖಾಲಿ ಮುಚ್ಚಬಾರದು ಅಂತ ನೀವೇ ಹೇಳ್ತಿದ್ರಲ್ಲರೀ?”

“ಹೌದು.”

“ನಿಮಗ ಈಗ ಎಷ್ಟ ವರ್ಷ ನಡದಾವರೀ?”

ತಮ್ಮ ನನ್ನ ಭುಜ ನೋಡಿದ, ಕುಣಿ ನೋಡಿದ. “ಗೇಣ ಅಗಲ ಮಾಡಬೇಕಾಗ್ತದ.”

“ಬದಲಿ ಕುಂಬಳಕಾಯಿ ನಡೀತದ!” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ತಂದರು. ವಿಭೂತಿ ಹಚ್ಚಿ, ಹೂ ಏರಿಸಿ ಕುಣಿಯಲ್ಲಿ ಕೂಡಿಸಿದೆವು. ಶಾಸ್ತ್ರ ಅರ್ಧಕ್ಕೆ ಬಿಡುವ ಹಾಗಿಲ್ಲ. ನಾನು ಇಳಿದು, ಶಿವನನ್ನು ನೆನೆದು ಎಡಗಾಲು ಎತ್ತಿದೆ.

ಹಿಂದಿನಿಂದ ಮುತ್ಯಾನ ದನಿ ಬಂತು:

“ಮೆಲ್ಲಕ ಇಡ್ರೀ ಅಯ್ಯನೋರೆ. ಅದು ನನ್ನ ತಲಿ.”